ರೋಬೋ ವ್ಯಾಕ್ಯೂಮ್: ಗುಡಿಸುವುದರಲ್ಲಿ ಜಾಣ, ವೈಫೈ ಹಿಡಿಯುವುದರಲ್ಲಿ ಹಠಮಾರಿ

ಈ ರೋಬೋ ವ್ಯಾಕ್ಯೂಮ್ ಮನೆಗೆ ಬಂದು ವರ್ಷದ ಮೇಲಾಯಿತು. ಗುಡಿಸುವ ವಿಷಯದಲ್ಲಿ ಹೇಳಿಕೊಳ್ಳುವಂಥ ದೂರು ಇಲ್ಲ. ಧೂಳು, ಕೂದಲು ಚೆನ್ನಾಗಿ ಎಳೆಯುತ್ತದೆ. ಮೂಲೆಯಲ್ಲಿ ಸ್ವಲ್ಪ ಬಿಡುತ್ತದೆ. ದುಂಡಗಿನ ಯಂತ್ರ ಚೌಕ ಮೂಲೆಯೊಳಗೆ ಹೋಗುವುದಾದರೂ ಹೇಗೆ, ಅಲ್ವಾ? ಪಕ್ಕದ ಬ್ರಷ್ ಸವೆದಾಗ ಬದಲಾಯಿಸಬೇಕು, ಫಿಲ್ಟರ್ ಆಗಾಗ ಕೊಡವಬೇಕು. ಅಷ್ಟೇ. ಗುಡಿಸುವುದಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಆ್ಯಪ್‌ಗೆ ಮೂರು. ವೈಫೈಗೆ ಸೇರಿಸುವ ಕೆಲಸಕ್ಕೆ ಎರಡು ಕೊಟ್ಟರೂ ಜಾಸ್ತಿಯೇ.

ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಆ ಎರಡು ಅಂಕದ ಬಗ್ಗೆ. ಕೊಂಡ ವಾರದೊಳಗೇ ಬರೆದ ವಿಮರ್ಶೆಗಳಲ್ಲಿ ಎಳೆಯುವ ಶಕ್ತಿ ಎಷ್ಟು ಪಾಸ್ಕಲ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೆಲ್ಲ ಇರುತ್ತದೆ. ರೌಟರ್ ಬದಲಾದಾಗ ಏನಾಗುತ್ತದೆ, ಪಾಸ್‌ವರ್ಡ್ ಬದಲಿಸಿದರೆ ಅದು ಬರೆದುಕೊಂಡ ಮನೆಯ ಮ್ಯಾಪ್ ಉಳಿಯುತ್ತದೋ ಇಲ್ಲವೋ, ಇದನ್ನು ಯಾರೂ ಹೇಳುವುದಿಲ್ಲ. ಹೇಳಬೇಕೆಂದರೆ ಅಷ್ಟು ಕಾಲ ಬಳಸಿರಬೇಕು.

ಮೊದಲು ಒಂದು ಸಮಾಧಾನದ ಮಾತು. ವೈಫೈ ಇಲ್ಲದಿದ್ದರೂ ಇದು ಗುಡಿಸುತ್ತದೆ. ಮೇಲಿನ ಬಟನ್ ಒತ್ತಿದರೆ ಹೊರಡುತ್ತದೆ, ಮುಗಿದ ಮೇಲೆ ತಾನೇ ಚಾರ್ಜ್ ಆಗುವ ಡಾಕ್‌ಗೆ ವಾಪಸ್ ಬರುತ್ತದೆ. ವೈಫೈ ಬೇಕಾಗುವುದು ಮ್ಯಾಪ್ ನೋಡಲು, ಒಂದೇ ಕೋಣೆ ಗುಡಿಸು ಎಂದು ಹೇಳಲು, ವೈರ್‌ಗಳ ರಾಶಿ ಇರುವ ಕಡೆ ಹೋಗದಂತೆ ಗೆರೆ ಎಳೆಯಲು, ದಿನದ ಸಮಯ ಇಡಲು, ಅಪ್‌ಡೇಟ್ ತೆಗೆದುಕೊಳ್ಳಲು. ನನ್ನ ರೋಬೋದಲ್ಲಿ ಒಮ್ಮೆ ಇಟ್ಟ ಸಮಯ ಅದರೊಳಗೇ ಉಳಿಯುತ್ತದೆ. ನೆಟ್ ಸತ್ತ ದಿನವೂ ಹೇಳಿದ ಹೊತ್ತಿಗೆ ಎದ್ದು ಹೊರಡುತ್ತದೆ. ಎಲ್ಲ ಮಾಡೆಲ್‌ಗಳೂ ಹೀಗಲ್ಲ. ಕೊಳ್ಳುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ.

ಈಗ ಜೋಡಿಸುವ ಕಥೆಗೆ ಬರೋಣ. ಈ ಯಂತ್ರಕ್ಕೆ ಪರದೆಯಿಲ್ಲ, ಕೀಬೋರ್ಡ್ ಇಲ್ಲ. ನಿಮ್ಮ ವೈಫೈ ಪಾಸ್‌ವರ್ಡ್ ಅದಕ್ಕೆ ತಿಳಿಸುವುದು ಹೇಗೆ? ಅದಕ್ಕಾಗಿ ರೋಬೋ ಸ್ವಲ್ಪ ಹೊತ್ತು ತಾನೇ ಒಂದು ಹಾಟ್‌ಸ್ಪಾಟ್ ಆಗುತ್ತದೆ. ನಿಮ್ಮ ಫೋನು ಅದಕ್ಕೆ ಸೇರಿಕೊಳ್ಳುತ್ತದೆ. ಆ್ಯಪ್ ನಿಮ್ಮ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅದರ ಕೈಗೆ ಕೊಡುತ್ತದೆ. ಆಮೇಲೆ ರೋಬೋ ತನ್ನ ಹಾಟ್‌ಸ್ಪಾಟ್ ಆರಿಸಿ ರೌಟರ್ ಹುಡುಕಿಕೊಂಡು ಹೋಗುತ್ತದೆ. ಅಲ್ಲಿಂದ ಕಂಪನಿಯ ಸರ್ವರ್‌ಗೆ ಹೋಗಿ ನಿಮ್ಮ ಖಾತೆಯಲ್ಲಿ ಹೆಸರು ಬರೆಸಿಕೊಳ್ಳುತ್ತದೆ.

ಇಷ್ಟನ್ನು ಕೈಪಿಡಿಯಲ್ಲಿ ಒಂದು ಪುಟದಲ್ಲಿ ಹೇಳಬಹುದಿತ್ತು. ಹೇಳಿಲ್ಲ. ‘ಜೋಡಣೆ ವಿಫಲ, ಮತ್ತೆ ಪ್ರಯತ್ನಿಸಿ’ ಎಂಬ ಒಂದೇ ಸಾಲು ಬರುತ್ತದೆ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ, ರೋಬೋ ಆಫ್ ಮಾಡಿ ಆನ್ ಮಾಡಿ ಎಂಬ ಅದೇ ಪಾಠ. ಆದರೆ ಮೇಲಿನ ದಾರಿ ಗೊತ್ತಿದ್ದರೆ, ಆ್ಯಪ್ ತೋರಿಸುವ ಶೇಕಡಾ ಅಂಕಿ ಎಲ್ಲಿ ನಿಂತಿತು ಎಂದು ನೋಡಿಯೇ ರೋಗ ಎಲ್ಲಿದೆ ಎಂದು ಹೆಚ್ಚುಕಮ್ಮಿ ಊಹಿಸಬಹುದು.

ಶುರುವಿನಲ್ಲೇ ನಿಂತರೆ ತಪ್ಪು ಫೋನಿನದ್ದು. ರೋಬೋದ ಹಾಟ್‌ಸ್ಪಾಟ್‌ನಲ್ಲಿ ಇಂಟರ್ನೆಟ್ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಫೋನಿಗೆ ಮಾತ್ರ ಇದು ಅರ್ಥವಾಗುವುದಿಲ್ಲ. ‘ಇಲ್ಲಿ ನೆಟ್ ಇಲ್ಲ’ ಎಂದುಕೊಂಡು ಸುಮ್ನೆ ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ. ಆ್ಯಪ್ ಇತ್ತ ರೋಬೋವನ್ನು ಹುಡುಕುತ್ತಲೇ ಇರುತ್ತದೆ. ಆದ್ದರಿಂದ ಜೋಡಿಸುವಾಗ ಮೊಬೈಲ್ ಡೇಟಾ ಆಫ್ ಇರಲಿ. ವಿಪಿಎನ್ (ಫೋನಿನ ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ತಿರುಗಿಸುವ ಆ್ಯಪ್) ಇದ್ದರೆ ಅದೂ ಆಫ್. ‘ಇಂಟರ್ನೆಟ್ ಇಲ್ಲದಿದ್ದರೂ ಇಲ್ಲೇ ಇರಲೇ?’ ಎಂದು ಫೋನು ಕೇಳಿದರೆ ಹೌದು ಎನ್ನಿ. ಆ್ಯಂಡ್ರಾಯ್ಡ್‌ನಲ್ಲಿ ಈ ಆ್ಯಪ್‌ಗಳು ಲೊಕೇಶನ್ ಅನುಮತಿ ಕೇಳುತ್ತವೆ. ಕಸ ಗುಡಿಸುವುದಕ್ಕೆ ನಾನೆಲ್ಲಿದ್ದೇನೆ ಎಂದು ಯಾಕೆ ಗೊತ್ತಾಗಬೇಕು ಎಂದು ನನಗೂ ಅನುಮಾನ ಬಂದಿತ್ತು. ಸುತ್ತಮುತ್ತಲ ವೈಫೈಗಳ ಪಟ್ಟಿ ನೋಡಿದರೆ ನೀವೆಲ್ಲಿದ್ದೀರಿ ಎಂದು ಕಂಡುಹಿಡಿಯಬಹುದು. ಅದಕ್ಕೇ ಆ ಪಟ್ಟಿ ನೋಡಲು ಲೊಕೇಶನ್ ಅನುಮತಿ ಬೇಕು ಎಂದು ಆ್ಯಂಡ್ರಾಯ್ಡ್ ನಿಯಮ ಮಾಡಿದೆ. ಜೋಡಣೆ ಆದಮೇಲೆ ನಾನು ಆ ಅನುಮತಿ ವಾಪಸ್ ತೆಗೆದುಕೊಂಡೆ, ಏನೂ ಕೆಡಲಿಲ್ಲ. ಐಫೋನ್‌ನಲ್ಲಿ ಐಓಎಸ್ 14ರಿಂದ ಇನ್ನೊಂದು ಅನುಮತಿ ಬಂದಿದೆ, ಲೋಕಲ್ ನೆಟ್‌ವರ್ಕ್ ಎಂದು. ಅವಸರದಲ್ಲಿ ಬೇಡ ಎಂದು ಒತ್ತಿಬಿಟ್ಟರೆ ಆ್ಯಪ್‌ಗೆ ರೋಬೋ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು.

ಮಧ್ಯದಲ್ಲಿ ನಿಂತರೆ ರೌಟರ್ ಕಡೆ ನೋಡಿ. ಜನ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಈಗಿನ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಬ್ಯಾಂಡ್‌ಗಳಲ್ಲೂ ಕೆಲಸ ಮಾಡುತ್ತವೆ. ರೋಬೋಗಳಲ್ಲಿ ಬಹುಪಾಲು 2.4 ಮಾತ್ರ ಬಲ್ಲವು. ಇದು ಬರೀ ಜಿಪುಣತನ ಅಲ್ಲ. 2.4ರ ಚಿಪ್ ಅಗ್ಗ ನಿಜ, ಆದರೆ ಆ ಸಿಗ್ನಲ್ ಗೋಡೆ ದಾಟಿ ದೂರ ಹೋಗುತ್ತದೆ. ಮಂಚದ ಕೆಳಗೆ ತೂರುವ ಯಂತ್ರಕ್ಕೆ ವೇಗಕ್ಕಿಂತ ಅದೇ ಮುಖ್ಯ. ಅದು ಕಳಿಸುವ ಡೇಟಾ ತಾನೇ ಎಷ್ಟು?

ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ತಾತ್ವಿಕವಾಗಿ ತೊಂದರೆಯಿಲ್ಲ, ರೋಬೋಗೆ ಕಾಣುವುದು 2.4 ಮಾತ್ರ. ತೊಂದರೆ ಕೊಡುವುದು ಕೆಲವು ಆ್ಯಪ್‌ಗಳು. ಫೋನು 5ರಲ್ಲಿದೆ ಎಂದು ನೋಡಿ ಮುಂದೆ ಹೋಗಲು ಬಿಡುವುದಿಲ್ಲ. ನನಗೆ ಫಲ ಕೊಟ್ಟ ದಾರಿ ಇದು: ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದು ಇರುವ ಪ್ರತ್ಯೇಕ ವೈಫೈ) ಒಂದನ್ನು ತೆರೆದು, ಅದನ್ನು 2.4ಕ್ಕೆ ಮಾತ್ರ ಇಟ್ಟು, ರೋಬೋವನ್ನು ಅಲ್ಲಿಗೆ ಸೇರಿಸಿದೆ. ಗೆಸ್ಟ್ ಸೌಲಭ್ಯ ಇಲ್ಲದಿದ್ದರೆ 5ನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಜೋಡಿಸಿ, ಮತ್ತೆ ಆನ್ ಮಾಡಿ. ಒಮ್ಮೆ ಸೇರಿದ ಮೇಲೆ ಫೋನು ಯಾವ ಬ್ಯಾಂಡ್‌ನಲ್ಲಿದ್ದರೂ ಆದೀತು.

ಬ್ಯಾಂಡ್ ಸರಿಯಿದ್ದೂ ಸೇರದಿದ್ದರೆ ಸೆಕ್ಯುರಿಟಿ ನೋಡಿ. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ವೈಫೈ ಸೆಕ್ಯುರಿಟಿ ವಿಧಾನ ಎಷ್ಟೋ ರೋಬೋಗಳಿಗೆ ತಿಳಿಯದು. ರೌಟರ್ ‘ಡಬ್ಲ್ಯುಪಿಎ3 ಮಾತ್ರ’ ಎಂದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ಅದರ ಹಿಂದಿನ ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇಡಿ. ಅದಕ್ಕೂ ಹಠ ಮಾಡಿದರೆ ಗೆಸ್ಟ್ ನೆಟ್‌ವರ್ಕ್‌ಗೆ ಡಬ್ಲ್ಯುಪಿಎ2 ಒಂದೇ ಸಾಕು. ರೌಟರ್‌ನ ಚಾನೆಲ್ (ಬ್ಯಾಂಡ್‌ನೊಳಗಿನ ಒಂದೊಂದು ಭಾಗ) ಆಟೋ ಇದ್ದು 12 ಅಥವಾ 13ಕ್ಕೆ ಹೋಗಿದ್ದರೆ ಕೆಲವು ಯಂತ್ರಗಳಿಗೆ ನೆಟ್‌ವರ್ಕ್ ಕಾಣುವುದೇ ಇಲ್ಲ. 1, 6, 11 ಇವುಗಳಲ್ಲಿ ಒಂದನ್ನು ಆರಿಸಿ. ವೈಫೈ ಹೆಸರನ್ನು ಮರೆಮಾಡಿದ್ದರೆ ತಾತ್ಕಾಲಿಕವಾಗಿಯಾದರೂ ತೋರಿಸಿ.

ವೈಫೈಗೆ ಕನ್ನಡದಲ್ಲಿ ಹೆಸರಿಟ್ಟವರಿಗೆ ಒಂದು ಮಾತು. ಹೆಸರಿಗೆ ಇರುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಗುಣಿತದ ಚಿಹ್ನೆಗೆ ಮತ್ತೆ ಮೂರು, ಒತ್ತು ಬಂದರೆ ಇನ್ನೂ ಜಾಸ್ತಿ. ಉದ್ದ ಹೆಸರಿಗೆ ಜಾಗ ಸಾಲುವುದಿಲ್ಲ. ಚಿಕ್ಕ ಹೆಸರನ್ನು ಫೋನು, ಲ್ಯಾಪ್‌ಟಾಪ್ ಚೆನ್ನಾಗಿಯೇ ತೋರಿಸುತ್ತವೆ, ಆದರೆ ಇಂಥ ಪುಟ್ಟ ಯಂತ್ರಗಳು ಮುಗ್ಗರಿಸಬಹುದು. ಮುಖ್ಯ ನೆಟ್‌ವರ್ಕ್‌ನ ಹೆಸರು ಕನ್ನಡದಲ್ಲೇ ಇರಲಿ, ಬದಲಿಸುವುದು ಯಾಕೆ? ಗೆಸ್ಟ್‌ಗೆ ಮಾತ್ರ ಸಾದಾ ಇಂಗ್ಲಿಷ್ ಅಕ್ಷರ, ಅಂಕಿ ಇಡಿ. ಪಾಸ್‌ವರ್ಡ್‌ನಲ್ಲೂ ವಿಚಿತ್ರ ಚಿಹ್ನೆಗಳು ಬೇಡ.

ಹಾಸ್ಟೆಲ್, ಆಫೀಸುಗಳಲ್ಲಿ ವೈಫೈಗೆ ಸೇರಿದ ಮೇಲೆ ಒಂದು ಪುಟ ತೆರೆದುಕೊಂಡು ಲಾಗಿನ್ ಕೇಳುತ್ತದಲ್ಲ, ಅಂಥ ಕಡೆ ರೋಬೋ ಸೇರುವುದಿಲ್ಲ. ಆ ಪುಟದಲ್ಲಿ ಟೈಪ್ ಮಾಡಲು ಅದಕ್ಕೆ ದಾರಿಯೇ ಇಲ್ಲ.

ಕೊನೆಯಲ್ಲಿ, ಇನ್ನೇನು ಆಯಿತು ಎನ್ನುವಾಗ ನಿಂತರೆ ಸರ್ವರ್ ಕಡೆಯ ತೊಂದರೆ. ಆ್ಯಪ್‌ನಲ್ಲಿ ಆರಿಸಿದ ದೇಶ ಮತ್ತು ರೋಬೋ ಯಾವ ದೇಶದಲ್ಲಿ ಮಾರಲೆಂದು ತಯಾರಾಯಿತೋ ಆ ದೇಶ ಬೇರೆ ಬೇರೆ ಇದ್ದರೆ ಕೆಲವು ಕಂಪನಿಗಳ ಸರ್ವರ್ ಒಳಗೆ ಬಿಡುವುದಿಲ್ಲ. ಬೇರೆ ದೇಶದಿಂದ ಉಡುಗೊರೆಯಾಗಿ ಬಂದ ರೋಬೋಗಳು ಸಿಕ್ಕಿಕೊಳ್ಳುವುದು ಇಲ್ಲೇ. ಜಾಹೀರಾತು ತಡೆಯುವ ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡುವ ಸೇವೆ) ಹಾಕಿಕೊಂಡವರು ಅದನ್ನೂ ಒಮ್ಮೆ ನಿಲ್ಲಿಸಿ ನೋಡಿ.

ಮತ್ತೆ ಮತ್ತೆ ಜೋಡಿಸುವಾಗ ಒಂದು ಎಚ್ಚರ ಇರಲಿ. ವೈಫೈ ರೀಸೆಟ್ ಬೇರೆ, ಫ್ಯಾಕ್ಟರಿ ರೀಸೆಟ್ ಬೇರೆ. ನನ್ನದರಲ್ಲಿ ಮೇಲಿನ ಎರಡೂ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ವೈಫೈ ಮಾತ್ರ ಮರೆಯುತ್ತದೆ. ಮುಚ್ಚಳದ ಕೆಳಗಿರುವ ಪುಟ್ಟ ಬಟನ್ ಒತ್ತಿ ಹಿಡಿದರೆ ಮ್ಯಾಪ್, ಗೆರೆಗಳು, ಸಮಯ ಎಲ್ಲವೂ ಹೋಗುತ್ತವೆ. ನಿಮ್ಮದರಲ್ಲಿ ಯಾವುದು ಯಾವುದು ಎಂದು ನೋಡಿಕೊಂಡೇ ಒತ್ತಿ. ಆ್ಯಪ್‌ನಲ್ಲಿ ರೋಬೋವನ್ನು ಅಳಿಸಿ ಮತ್ತೆ ಸೇರಿಸಿ ಎಂಬ ಸಲಹೆ ಕೊಡುವವರು ಬಹಳ ಜನ. ಕೆಲವು ಮಾಡೆಲ್‌ಗಳಲ್ಲಿ ಹಾಗೆ ಮಾಡಿದರೆ ಮ್ಯಾಪ್ ಕೂಡ ಹೋಗುತ್ತದೆ. ನೆಟ್‌ವರ್ಕ್ ಬದಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದ್ದರೆ ಮೊದಲು ಅದನ್ನೇ ಬಳಸಿ.

ವರ್ಷದುದ್ದಕ್ಕೂ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಉಪಾಯ ರೋಬೋಗೆ ಸಂಬಂಧಿಸಿದ್ದೇ ಅಲ್ಲ. ನೆಟ್ ಕಂಪನಿಯವರು ಹಳೆ ರೌಟರ್ ತೆಗೆದು ಹೊಸದು ಕೊಟ್ಟರು. ಅದಕ್ಕೆ ಹಳೆಯದರ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಮೂರನ್ನೂ ಚಾಚೂ ತಪ್ಪದೆ ಇಟ್ಟೆ, ಗೆಸ್ಟ್‌ಗೂ ಹಾಗೆಯೇ. ರೌಟರ್ ಬದಲಾಗಿದ್ದು ರೋಬೋಗೆ ಗೊತ್ತೇ ಆಗಲಿಲ್ಲ. ಯಾವ ಬಟನ್ನೂ ಒತ್ತಲಿಲ್ಲ, ಆ್ಯಪ್ ತೆರೆಯಲೂ ಇಲ್ಲ. ವೈಫೈ ಬಲ್ಬು, ಪ್ಲಗ್ಗು ಎಲ್ಲವೂ ಹಾಗೇ ಸೇರಿಕೊಂಡವು. ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಮೂರೂ ಹೊಂದಿದರೆ ಯಂತ್ರಗಳಿಗೆ ಅದು ಹಳೆಯ ವೈಫೈಯೇ.

ಮೆಶ್ (ಹಲವು ಪೆಟ್ಟಿಗೆಗಳು ಸೇರಿ ಮನೆಯೆಲ್ಲ ಒಂದೇ ವೈಫೈ ಹರಡುವ ವ್ಯವಸ್ಥೆ) ಇರುವ ಮನೆಯಲ್ಲಿ ಬೇರೆ ತರಹದ ಕಿರಿಕಿರಿ. ರೋಬೋ ಕೋಣೆಯಿಂದ ಕೋಣೆಗೆ ಓಡಾಡುತ್ತದೆ, ಆದರೆ ಹತ್ತಿರದ ಮೆಶ್ ಪೆಟ್ಟಿಗೆಗೆ ಬೇಗ ಬದಲಾಗುವುದಿಲ್ಲ. ಮೊದಲು ಹಿಡಿದದ್ದನ್ನೇ ಹಿಡಿದುಕೊಂಡಿರುತ್ತದೆ. ಆಗ ಆ್ಯಪ್‌ನಲ್ಲಿ ಆಫ್‌ಲೈನ್ ಎಂದು ಬರುತ್ತದೆ. ಗಾಬರಿ ಬೇಡ, ಅದರ ಪಾಡಿಗೆ ಅದು ಗುಡಿಸುತ್ತಿರುತ್ತದೆ, ಸಿಗ್ನಲ್ ಸಿಕ್ಕಾಗ ಮ್ಯಾಪ್ ತುಂಬಿಕೊಳ್ಳುತ್ತದೆ. ಡಾಕ್ ಇಡುವ ಜಾಗ ಮಾತ್ರ ಯೋಚಿಸಿ ಆರಿಸಿ. ದಿನದ ಬಹುಪಾಲು ಅದು ಇರುವುದು ಅಲ್ಲೇ, ಅಪ್‌ಡೇಟ್ ಇಳಿಯುವುದೂ ಅಲ್ಲೇ. ಕಬ್ಬಿಣದ ಬೀರುವಿನ ಅಡಿ, ಮೈಕ್ರೋವೇವ್ ಪಕ್ಕ ಬೇಡ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ.

ಗೆಸ್ಟ್ ನೆಟ್‌ವರ್ಕ್ ಬಳಸಲು ನನಗೆ ಇನ್ನೊಂದು ಕಾರಣವಿದೆ. ಮನೆಯ ಮ್ಯಾಪ್ ಇಟ್ಟುಕೊಂಡ ಯಂತ್ರ ನನ್ನ ಲ್ಯಾಪ್‌ಟಾಪ್ ಇರುವ ಅದೇ ನೆಟ್‌ವರ್ಕ್‌ನಲ್ಲಿ ಇರುವುದು ಇಷ್ಟವಿಲ್ಲ. ಕ್ಯಾಮೆರಾ ಇರುವ ಮಾಡೆಲ್ ಬೇಡ ಎಂದು ಲೇಸರ್‌ನಿಂದ ದಾರಿ ನೋಡುವುದನ್ನೇ ತೆಗೆದುಕೊಂಡೆ. ಪರೀಕ್ಷೆಗೆಂದು ಮನೆಗಳಲ್ಲಿ ಓಡಾಡಿದ ರೋಬೋಗಳು ತೆಗೆದ ಖಾಸಗಿ ಫೋಟೋಗಳು ಹೊರಗೆ ಹೋದ ಸುದ್ದಿ 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂನಲ್ಲಿ ಬಂದಿತ್ತು. ಅದನ್ನು ಓದಿದ ಮೇಲೆ ಕ್ಯಾಮೆರಾ ಬೇಕೆನಿಸಲಿಲ್ಲ. ಗೆಸ್ಟ್‌ನಲ್ಲಿದ್ದರೂ ಸರ್ವರ್ ಮೂಲಕ ಆ್ಯಪ್ ಕೆಲಸ ಮಾಡುತ್ತದೆ. ಫೋನು ನೇರವಾಗಿ ರೋಬೋ ಜೊತೆ ಮಾತಾಡುವ ಮಾಡೆಲ್ ಆದರೆ ಮಾತ್ರ ಅಡ್ಡಿಯಾಗಬಹುದು.

ಸರ್ವರ್ ಎಂದಾಗ ಇನ್ನೊಂದು ಯೋಚನೆ ಬರುತ್ತದೆ. ಅದು ನಿಂತರೆ? ನೀಟೋ ಎಂಬ ರೋಬೋ ವ್ಯಾಕ್ಯೂಮ್ ಕಂಪನಿ 2023ರಲ್ಲಿ ಮುಚ್ಚಿತು, 2025ರಲ್ಲಿ ಅದರ ಸರ್ವರ್ ಸೇವೆಯೂ ನಿಂತಿತು. ರೋಬೋಗಳು ಚೆನ್ನಾಗಿಯೇ ಇವೆ, ಆ್ಯಪ್ ಇಲ್ಲ. ಬಟನ್ ಒತ್ತಿ ಓಡಿಸಬೇಕು. ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಯಂತ್ರಗಳು ಒಟ್ಟಿಗೆ ಕೆಲಸ ಮಾಡಲೆಂದು ಇರುವ ಮ್ಯಾಟರ್ ಎಂಬ ಸಾಮಾನ್ಯ ಮಾನದಂಡಕ್ಕೆ 2023ರ ಅಕ್ಟೋಬರ್‌ನಲ್ಲಿ ರೋಬೋ ವ್ಯಾಕ್ಯೂಮ್‌ಗಳೂ ಸೇರಿವೆ. ಅದಿದ್ದರೆ ಕಂಪನಿಯ ಸರ್ವರ್ ಇಲ್ಲದೆಯೂ ಮನೆಯೊಳಗಿಂದಲೇ ಓಡಿಸಬಹುದು. ಮ್ಯಾಪ್ ತಿದ್ದುವಂಥ ಕೆಲಸಕ್ಕೆ ಕಂಪನಿಯ ಆ್ಯಪೇ ಬೇಕು. ಮುಂದಿನ ಸಲ ಕೊಳ್ಳುವಾಗ ಪಾಸ್ಕಲ್ ಲೆಕ್ಕಕ್ಕಿಂತ ಮೊದಲು ನಾನು ಡಬ್ಬದ ಮೇಲೆ ಇದನ್ನು ಹುಡುಕುತ್ತೇನೆ.

ಹಳೆ ರೋಬೋವನ್ನು ಬೇರೆಯವರಿಗೆ ಕೊಡುವವರಿಗೆ: ಮೊದಲು ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದ ಬಿಡಿಸಿ. ಇಲ್ಲದಿದ್ದರೆ ಅವರಿಗೆ ‘ಇದು ಬೇರೆ ಖಾತೆಗೆ ಸೇರಿದೆ’ ಎಂದು ಬರುತ್ತದೆ, ನಿಮಗೆ ಫೋನ್ ಬರುತ್ತದೆ. ಆಮೇಲೆ ಆ ಮುಚ್ಚಳದ ಕೆಳಗಿನ ಬಟನ್ ಒತ್ತಿ ಫ್ಯಾಕ್ಟರಿ ರೀಸೆಟ್ ಮಾಡಿ. ನಿಮ್ಮ ವೈಫೈ ಪಾಸ್‌ವರ್ಡ್, ಮನೆಯ ಮ್ಯಾಪ್ ಎರಡೂ ಅದರೊಳಗಿರುತ್ತವೆ.