ಸ್ವರಾಜ್ ದ್ವೀಪದ ಪುಟ್ಟ ಅತಿಥಿಗೃಹ

ವಿಜಯಪುರದಿಂದ ಹೊರಟ ನಾವು ನಾಲ್ವರು, 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಹಡಗು ಹಿಡಿದು, ಹಿಂದೆ ಹ್ಯಾವ್ಲಾಕ್ ಎನಿಸಿದ್ದ ಸ್ವರಾಜ್ ದ್ವೀಪವನ್ನು ತಲುಪಿ, ರಾಧಾನಗರ ಕಡಲತೀರಕ್ಕೆ ನಡೆದೇ ಹೋಗಬಹುದಾದ ಆರು ಕೋಣೆಗಳ ಅತಿಥಿಗೃಹವೊಂದರಲ್ಲಿ ಡಿಸೆಂಬರಿನಲ್ಲಿ ಮೂರು ದಿನ ತಂಗಿದ್ದೆವು. ಕೋಣೆ ಚಿಕ್ಕದಾದರೂ ಹಾಸಿಗೆ ಶುಭ್ರವಾಗಿತ್ತು. ಕಾಲಿಗೆ ಮೆತ್ತಿದ ಮರಳನ್ನು ತೊಳೆದುಕೊಳ್ಳಲೆಂದು ಬಾಗಿಲ ಬಳಿ ಬಕೆಟ್ ನೀರನ್ನೂ ತಂಬಿಗೆಯನ್ನೂ ದಿನವೂ ಇಡುತ್ತಿದ್ದರು. ರಾತ್ರಿ ಕರೆಂಟ್ ಹೋದರೆ ಜನರೇಟರ್ ಫ್ಯಾನಿಗಷ್ಟೇ ಸಾಲುತ್ತದೆ ಎಂಬುದನ್ನು ಬುಕಿಂಗ್ ವೇಳೆಯೇ ತಿಳಿಸಬೇಕಿತ್ತು. ಜೋಳದ ರೊಟ್ಟಿಯಿಲ್ಲದೆ ಊಟ ಸೇರದ ನಮ್ಮ ತಾಯಿಯವರು ಒಯ್ದಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಜೊತೆಗೆ ಅಡುಗೆಯವರು ಕೇಳದೆಯೇ ಬಿಸಿ ಬೇಳೆಸಾರು ಮಾಡಿಕೊಟ್ಟದ್ದನ್ನು ಮರೆಯಲಾರೆವು. ಅಲ್ಲಿ ಸೂರ್ಯ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಮುಳುಗುವುದರಿಂದ, ಚಳಿಗಾಲದಲ್ಲಿ ಹೋಗುವವರು ಸಂಜೆ ನಾಲ್ಕೂವರೆಗೇ ತೀರದಲ್ಲಿರಬೇಕು.