ಷೇರುದಾರರ ಸಾಲಕ್ಕೆ ಸಿದ್ಧ ಕಾಗದಪತ್ರದ ಕಿಟ್: ಹಾಳೆ ಚಿನ್ನ, ಒಪ್ಪಂದ ತಿದ್ದಲೇಬೇಕು

ನಾನು ಲೆಕ್ಕ ಬರೆಯುವ ಸಣ್ಣ ಕಂಪನಿಯಲ್ಲಿ ಕೈ ಬಿಗಿಯಾದಾಗಲೆಲ್ಲ ಷೇರುದಾರರೇ ಹಣ ಹಾಕುತ್ತಾರೆ. "ಸಾಲ ಅಂತ ಬರ್ಕೊಳ್ಳಿ" ಅಂದುಬಿಟ್ಟರೆ ಅವರ ಕೆಲಸ ಮುಗಿಯಿತು. ನಾಳೆ ತೆರಿಗೆಯವರು ಇದು ಬಂಡವಾಳ ಅಂದರೆ ಕೊಟ್ಟ ಬಡ್ಡಿ ಖರ್ಚಾಗಿ ನಿಲ್ಲುವುದಿಲ್ಲ. ತೀರಿಸಿದ ಅಸಲನ್ನೇ ಡಿವಿಡೆಂಡ್ ಅನ್ನಲೂಬಹುದು. ಅದಕ್ಕೇ ಆನ್‌ಲೈನಿನಲ್ಲಿ ಈ ಕಿಟ್ ಕೊಂಡೆ. ಒಪ್ಪಂದ, ಪ್ರಾಮಿಸರಿ ನೋಟು, ಬೋರ್ಡ್ ನಿರ್ಣಯದ ನಮೂನೆ, ಮರುಪಾವತಿಯ ಎಕ್ಸೆಲ್ ಹಾಳೆ, ಜೊತೆಗೊಂದು ಕೈಪಿಡಿ.

ಹಾಳೆ ಮಾಡಿದವರು ವಿಷಯ ಬಲ್ಲವರು. ಒಂದೊಂದು ಮುಂಗಡಕ್ಕೂ ಬೇರೆ ಸಾಲು, ಹಣ ಬಂದ ಬ್ಯಾಂಕ್ ದಾಖಲೆ, ವಾಯಿದೆ, ಬಡ್ಡಿ, ಕಟ್ಟಿದ ದಿನ. ಕಂತು ತಪ್ಪಿದರೆ ಸಾಲು ಕೆಂಪಾಗಿ, ಪಕ್ಕದ ಕಾಲಂ "ಸಾಲ ಕೊಟ್ಟವರು ಏನು ಮಾಡಿದರು?" ಎಂದು ಕೇಳುತ್ತದೆ. ಕೇಳಬೇಕಾದ್ದೇ. ಹೊರಗಿನವರಾಗಿದ್ದರೆ ನೋಟಿಸ್ ಬರುತ್ತಿತ್ತು. ಷೇರುದಾರರು ಸುಮ್ಮನೆ ಕೂತರೆ, ಹಣ ವಾಪಸು ಬರಲೆಂಬ ಉದ್ದೇಶವೇ ಇರಲಿಲ್ಲ ಎನ್ನುವವರಿಗೆ ನಾವೇ ಸಾಕ್ಷಿ ಕೊಟ್ಟಂತೆ.

ಒಪ್ಪಂದ ಮಾತ್ರ ಬೇರೆ ಯಾರೋ ಬರೆದದ್ದಿರಬೇಕು. "ಲಾಭ ಬಂದಾಗ ಮರುಪಾವತಿ" ಎಂಬ ಷರತ್ತು ಅದರಲ್ಲಿ ಮೊದಲೇ ಅಚ್ಚಾಗಿದೆ. ಮಿಕ್ಕೆಲ್ಲ ಸಾಲ ತೀರಿದ ಮೇಲೆಯೇ ಇದರ ಸರದಿ ಎಂದು ಇನ್ನೊಂದು. ಲಾಭ ಬಂದರೆ ಮಾತ್ರ, ಅದೂ ಎಲ್ಲರಿಗಿಂತ ಕೊನೆಗೆ! ಷೇರಿನ ಗತಿಯೂ ಇದೇ ತಾನೆ? ತಮಾಷೆಯೆಂದರೆ, ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹಾಕಿದ ಹಣ ಸಾಲವೋ ಬಂಡವಾಳವೋ ಎಂದು ಅಳೆಯಲು 1972ರ ಮಿಕ್ಸನ್ ಪ್ರಕರಣದಲ್ಲಿ ಪಟ್ಟಿ ಮಾಡಿದ 13 ಅಂಶಗಳು ಕಿಟ್‌ನ ಕೈಪಿಡಿಯಲ್ಲೇ ಇವೆ. ನಿಗದಿತ ವಾಯಿದೆ ಇದೆಯೇ, ಹಣ ಯಾವ ಮೂಲದಿಂದ ತೀರುತ್ತದೆ, ಇತರ ಸಾಲದಾತರಿಗೆ ಸಮನೋ ಕೆಳಗೋ ಎಂಬುದೆಲ್ಲ ಆ ಪಟ್ಟಿಯಲ್ಲಿದೆ. ನಾನು ಎರಡೂ ಷರತ್ತು ಹೊಡೆದುಹಾಕಿ, ವಾಯಿದೆಯ ತಾರೀಕನ್ನೂ ಬ್ಯಾಂಕ್ ಕೇಳುವಂಥ ಬಡ್ಡಿದರವನ್ನೂ ಬರೆದೆ.

ಎಲ್ಲರೂ ತಂತಮ್ಮ ಷೇರಿನ ಪ್ರಮಾಣದಲ್ಲೇ ಹಣ ಹಾಕಿದರೆ ಅದು ಬಂಡವಾಳದಂತೆಯೇ ಕಾಣುತ್ತದೆ ಎಂಬ ಎಚ್ಚರಿಕೆ ನಮೂನೆಗಳಲ್ಲಿ ಎಲ್ಲೂ ಇಲ್ಲ. ಷೇರುದಾರರು ಹಣ ಹಾಕಿದ ಹೊತ್ತಿಗೆ ಹೊರಗೂ ಸಾಲ ಹುಟ್ಟುತ್ತಿತ್ತು ಎಂದು ತೋರಿಸುವ ಕಾಗದಕ್ಕೂ ಜಾಗವಿಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಮಂಜೂರಾತಿ ಪತ್ರವನ್ನು ನಾನೇ ಫೈಲಿಗೆ ಸೇರಿಸಿದೆ. ಬೋರ್ಡ್ ನಿರ್ಣಯದಲ್ಲಿ ತಾರೀಕು ಖಾಲಿ ಬಿಟ್ಟಿದ್ದಾರೆ, ಹಣ ಬರುವ ಮುನ್ನವೇ ತುಂಬಿ ಸಹಿ ಹಾಕಿಸಿ.

ಐದಕ್ಕೆ ಮೂರು ನಕ್ಷತ್ರ. ಹಾಳೆಯೊಂದನ್ನೇ ಬಿಡಿಯಾಗಿ ಮಾರಿದರೆ ಐದೂ ಕೊಟ್ಟೇನು.