ಬಡಿಸಿದ ತಟ್ಟೆ, ಮನೆಯ ಡಬ್ಬಿ, ಮಕ್ಕಳ ಕೈಯ ಸೌಟು: ಡೇ ಕೇರ್ ಊಟಕ್ಕೆ ಯಾವುದು ಮೇಲು?

ಡೇ ಕೇರ್‌ನಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಲು ಮೂರು ದಾರಿಗಳಿವೆ. ಅಡುಗೆಮನೆಯಲ್ಲೇ ತಟ್ಟೆಗೆ ಬಡಿಸಿ ತಂದು ಮಗುವಿನ ಮುಂದಿಡುವುದು ಒಂದು. ಮನೆಯವರು ಕಟ್ಟಿಕೊಟ್ಟ ಡಬ್ಬಿಯನ್ನು ಬಿಚ್ಚಿಕೊಡುವುದು ಇನ್ನೊಂದು. ಊಟವನ್ನು ಚಿಕ್ಕ ಬಟ್ಟಲುಗಳಲ್ಲಿ ಮೇಜಿನ ಮೇಲಿಟ್ಟು, ಮಕ್ಕಳೇ ಬಡಿಸಿಕೊಳ್ಳಲಿ ಅಂತ ಬಿಡುವುದು ಮೂರನೆಯದು. ನಾನು ನೋಡಿಕೊಳ್ಳುವ ಮಕ್ಕಳು ಒಂದರಿಂದ ಐದು ವರ್ಷದವರು. ಮೂರು ದಾರಿಗಳನ್ನೂ ಸಾಕಷ್ಟು ಕಾಲ ನಡೆಸಿ ನೋಡಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷ ದಾಟಿದ ಮಕ್ಕಳಿಗೆ ಮೂರನೆಯದು. ಅದಕ್ಕಿಂತ ಚಿಕ್ಕವರಿಗೆ ಮೊದಲನೆಯದು. ಡಬ್ಬಿ ಕೆಲವೇ ಮಕ್ಕಳಿಗೆ. ಯಾವ ದಾರಿ ಹಿಡಿದರೂ ದೊಡ್ಡವರೊಬ್ಬರು ಮಕ್ಕಳ ಜೊತೆ ಮೇಜಿಗೆ ಕೂತಿರಲೇಬೇಕು. ಅದೊಂದು ತಪ್ಪಿದರೆ ಮೂರರಲ್ಲಿ ಯಾವುದೂ ಒಳ್ಳೆಯದಲ್ಲ.

ಬಡಿಸಿದ ತಟ್ಟೆಯಿಂದ ಶುರು ಮಾಡೋಣ. ಇದರಲ್ಲಿ ಕೆಲಸ ಸಲೀಸು. ಬೇಗ ಮುಗಿಯುತ್ತದೆ, ಚೆಲ್ಲುವುದು ಕಡಿಮೆ. ಯಾವ ಮಗುವಿಗೆ ಏನು ಹೋಯಿತು ಅನ್ನುವುದು ಕಣ್ಣಳತೆಯಲ್ಲೇ ಇರುತ್ತದೆ. ಹಣ್ಣು, ತರಕಾರಿ ಎಲ್ಲವೂ ಒಂದೇ ಕೈಯಲ್ಲಿ, ಒಂದೇ ಅಳತೆಗೆ ಕತ್ತರಿಸಿ ಬರುತ್ತವೆ. ಸಣ್ಣ ಮಕ್ಕಳ ವಿಷಯದಲ್ಲಿ ಇದು ಸಣ್ಣ ಲಾಭವಲ್ಲ.

ತೊಂದರೆ ಇರುವುದು ಎಷ್ಟು ಬಡಿಸಬೇಕು ಅನ್ನುವುದರಲ್ಲಿ. ಹುಟ್ಟಿದಾಗಿನ ತೂಕ ಮೊದಲ ವರ್ಷದ ಕೊನೆಗೆ ಸುಮಾರು ಮೂರು ಪಟ್ಟಾಗುತ್ತದೆ. ಎರಡನೇ ವರ್ಷದಲ್ಲಿ ಏರುವುದು ಸುಮಾರು 2ರಿಂದ 3 ಕೆ.ಜಿ. ಅಷ್ಟೇ. ಬೆಳವಣಿಗೆಯ ಓಟ ತಗ್ಗಿದ ಹಾಗೆ ಹಸಿವೂ ತಗ್ಗುತ್ತದೆ. ಇವತ್ತು ಎರಡು ಸಲ ಹಾಕಿಸಿಕೊಂಡ ಮಗು ನಾಳೆ ನಾಲ್ಕು ತುತ್ತಿಗೆ ತಟ್ಟೆ ತಳ್ಳುತ್ತದೆ. ಅದು ಹಟವಲ್ಲ, ಹೊಟ್ಟೆ ಹೇಳುವ ಮಾತು. ಬಡಿಸಿದ ತಟ್ಟೆ ಮಾತ್ರ ದಿನಾ ಅಷ್ಟೇ ಇರುತ್ತದೆ. ಅದು ಖಾಲಿಯಾಗದಿದ್ದರೆ ನಮಗೆ ಸಂಕಟ. 'ಇನ್ನೊಂದೇ ತುತ್ತು, ಜಾಣ ಅಲ್ವಾ' ಅಂತ ಬಾಯಿಗೆ ತುರುಕುವುದು ಅಲ್ಲಿಂದಲೇ ಶುರುವಾಗುತ್ತದೆ.

2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಈ ಮಾತಿಗೆ ಸರಿಯಾಗಿ ಹೊಂದುತ್ತದೆ. ಬಾರ್ಬರಾ ರೋಲ್ಸ್, ಲಿಯಾನ್ ಬರ್ಚ್ ಮತ್ತು ಜೊತೆಗಾರರು ಮಕ್ಕಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಊಟ ಬಡಿಸಿ ನೋಡಿದರು. ಮೂರು ವರ್ಷದವರು ತಟ್ಟೆಯಲ್ಲಿ ಎಷ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ತಿಂದರು. ಐದು ವರ್ಷದವರು ಜಾಸ್ತಿ ಬಡಿಸಿದಾಗ ಜಾಸ್ತಿ ತಿಂದರು. ಸಾಕು ಅನ್ನುವ ಹೊಟ್ಟೆಯ ಮಾತು ಚಿಕ್ಕವರಿಗೆ ಚೆನ್ನಾಗಿ ಕೇಳುತ್ತದೆ. ಎರಡೇ ವರ್ಷ ದೊಡ್ಡವರಾದ ಮಕ್ಕಳು ತಟ್ಟೆಯ ಮಾತು ಕೇಳಲು ಶುರು ಮಾಡಿರುತ್ತಾರೆ. ಆ ನಡುವಿನ ವರ್ಷಗಳೆಲ್ಲ ಕಳೆಯುವುದು ನಮ್ಮಂಥವರ ಕೈಯಲ್ಲೇ. ಬಡಿಸಿದ ತಟ್ಟೆಯೇ ಆದರೆ, ಕಡಿಮೆ ಬಡಿಸಿ, ಕೇಳಿದರೆ ಮತ್ತೆ ಹಾಕುವುದು ಸರಿ.

ಇನ್ನು ಡಬ್ಬಿ. ಅಪ್ಪ-ಅಮ್ಮಂದಿರಿಗೆ ಇದರ ಮೇಲೆ ಯಾಕೆ ಅಷ್ಟು ನಂಬಿಕೆ ಅಂತ ನನಗೆ ಗೊತ್ತು. ಮಗುವಿಗೆ ಗೊತ್ತಿರುವ ರುಚಿ, ಮನೆಯ ವಾಸನೆ. ಹೊಸದಾಗಿ ಸೇರಿ ಅಳುತ್ತಿರುವ ಮಗು ಬೇರೇನನ್ನೂ ಮುಟ್ಟದಿದ್ದರೂ ಮನೆಯ ಊಟವನ್ನು ತಿನ್ನುತ್ತದೆ. ಮೊದಲ ಕೆಲವು ವಾರಗಳಿಗೆ, ಇಲ್ಲವೇ ವೈದ್ಯರು ಹೇಳಿದ ಪಥ್ಯ ಇರುವ ಮಗುವಿಗೆ ಡಬ್ಬಿಯೇ ಸರಿ.

ಡಬ್ಬಿ ಸೋಲುವುದು ಗಡಿಯಾರದ ಮುಂದೆ. ಬೇಯಿಸಿದ ಊಟವನ್ನು ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಬೆಚ್ಚನೆಯ ಜಾಗದಲ್ಲಿ ರೋಗಾಣುಗಳು ಬೇಗ ಬೇಗ ಹೆಚ್ಚುತ್ತವೆ. ಬೆಳಿಗ್ಗೆ ಏಳಕ್ಕೆ ಕಟ್ಟಿದ ಡಬ್ಬಿ ಹನ್ನೆರಡಕ್ಕೆ ತೆರೆದರೆ ಐದು ಗಂಟೆ ಆಯಿತಲ್ಲ! ಮುಚ್ಚಳ ತೆಗೆದರೆ ಒಳಗೆ ಉಗುರುಬೆಚ್ಚಗೆ ಇರುತ್ತದೆ, ಮುಚ್ಚಳದ ಒಳಗೆ ಬೆವರಿನ ಹನಿ. ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಹೊಟ್ಟೆ ಕೆಡಿಸುವ ರೋಗಾಣು ಎಲ್ಲ ಸಲವೂ ವಾಸನೆ ಬರಿಸುವುದಿಲ್ಲ. ಡಬ್ಬಿಯೇ ಬೇಕು ಅನ್ನುವವರಿಗೆ ನಾನು ಎರಡು ಮಾತು ಹೇಳುತ್ತೇನೆ. ತಣ್ಣನೆಯ ಊಟವಾದರೆ ಬಂದ ತಕ್ಷಣ ಡಬ್ಬಿ ಫ್ರಿಜ್‌ಗೆ ಹೋಗಬೇಕು, ದಾರಿಯಲ್ಲಿ ಐಸ್ ಪ್ಯಾಕ್ ಇರಬೇಕು. ಬಿಸಿ ಊಟವಾದರೆ ಫ್ಲಾಸ್ಕ್‌ಗೆ ಮೊದಲು ಕುದಿಯುವ ನೀರು ಹಾಕಿ ಕೆಲವು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಹಬೆಯಾಡುವ ಊಟ ತುಂಬಬೇಕು.

ಎರಡನೇ ಸಮಸ್ಯೆ ಕತ್ತರಿಸುವುದು. ಒಂದು ಮನೆಯವರು ದ್ರಾಕ್ಷಿಯನ್ನು ನಾಲ್ಕು ಸೀಳು ಮಾಡಿ ಕಳಿಸುತ್ತಾರೆ, ಇನ್ನೊಂದು ಮನೆಯಿಂದ ಇಡೀ ಹಣ್ಣೇ ಬರುತ್ತದೆ. ಹೀಗಾಗಿ ಎಲ್ಲ ಡಬ್ಬಿಯನ್ನೂ ಊಟಕ್ಕೆ ಮುಂಚೆ ನಾವೇ ತೆರೆದು ನೋಡಲೇಬೇಕು. ಉಪ್ಪಿನ ಮಾತೂ ಹಾಗೇ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 2 ಗ್ರಾಂ ಉಪ್ಪಿಗಿಂತ ಜಾಸ್ತಿ ಬೇಡ ಅಂತ ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ. ಪ್ಯಾಕೆಟ್ ತಿಂಡಿ ಇರುವ ಡಬ್ಬಿಯಲ್ಲಿ ಅದು ಸುಲಭವಾಗಿ ದಾಟಿಹೋಗುತ್ತದೆ. ಇಷ್ಟರ ಮೇಲೆ, ಪಕ್ಕದವರ ಡಬ್ಬಿಗೆ ಕೈ ಹಾಕದ ಮಗು ಎಲ್ಲಿದೆ? ಅಲರ್ಜಿ ಇರುವ ಮಗು ಪಕ್ಕದಲ್ಲಿದ್ದರೆ ಅದು ತಮಾಷೆಯಲ್ಲ.

ಮಕ್ಕಳೇ ಬಡಿಸಿಕೊಳ್ಳುವ ದಾರಿಗೆ ಬಂದೆ. ಇದರ ಬಗ್ಗೆ ಹೇಳುವುದು ಜಾಸ್ತಿ ಇದೆ.

ನಾಲ್ಕೈದು ಮಕ್ಕಳಿಗೆ ಒಂದು ಮೇಜು. ಪಾದ ನೆಲಕ್ಕೆ ಮುಟ್ಟುವಷ್ಟು ಗಿಡ್ಡ ಕುರ್ಚಿ. ಮೇಜಿನ ಮೇಲೆ ಅನ್ನಕ್ಕೊಂದು, ತರಕಾರಿಗೊಂದು, ಮೊಟ್ಟೆಗೋ ಬೇಯಿಸಿದ ಕಾಳಿಗೋ ಇನ್ನೊಂದು ಅಗಲವಾದ ಬಟ್ಟಲು. ಸೌಟಿನ ಹಿಡಿ ಗಿಡ್ಡವಾಗಿರಬೇಕು. ದೊಡ್ಡವರ ಉದ್ದ ಸೌಟು ಕೊಟ್ಟರೆ ಮೊಣಕೈ ಪಕ್ಕದ ಮಗುವಿನ ಮುಖಕ್ಕೆ ಹೋಗುತ್ತದೆ. ನೀರಿನ ಜಗ್ಗಿನಲ್ಲಿ ಅರ್ಧ ಮಾತ್ರ ನೀರು. ಊಟ ಅಡುಗೆಮನೆಯಲ್ಲಿ ಬಿಸಿಯಾಗಿಯೇ ಇರುತ್ತದೆ. ಸ್ವಲ್ಪ ಸ್ವಲ್ಪವೇ ಬಟ್ಟಲಿಗೆ ತೆಗೆದು, ಸುಡದಷ್ಟು ಆರಿದ ಮೇಲೆ ಮೇಜಿಗೆ ತರುತ್ತೇವೆ. ಮಕ್ಕಳ ಚರ್ಮ ತೆಳು, ನಮಗೆ ಸುಮ್ನೆ ಬಿಸಿ ಅನಿಸುವುದು ಅವರಿಗೆ ಬೊಬ್ಬೆ ಬರಿಸುತ್ತದೆ. ಮೇಜಿಗೆ ಬಂದ ಬಟ್ಟಲಿನಲ್ಲಿ ಉಳಿದದ್ದು ಮತ್ತೆ ಪಾತ್ರೆಗೆ ಹೋಗುವುದಿಲ್ಲ. ಅದಕ್ಕೇ ಕಡಿಮೆ ತಂದು ಮತ್ತೆ ಮತ್ತೆ ತುಂಬುವುದು.

ಎರಡೂವರೆ ವರ್ಷದ ಒಂದು ಹುಡುಗಿ ಬಟಾಣಿ ಬಡಿಸಿಕೊಳ್ಳುವುದನ್ನು ನೋಡಬೇಕು. ಎಡಗೈಯಲ್ಲಿ ಬಟ್ಟಲಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಾಳೆ. ಸೌಟು ತುಂಬಾ ತೆಗೆಯುತ್ತಾಳೆ, ದಾರಿಯಲ್ಲಿ ಅರ್ಧ ಉರುಳಿಹೋಗುತ್ತದೆ, ತಟ್ಟೆಗೆ ಆರೋ ಏಳೋ ಕಾಳು ಬೀಳುತ್ತವೆ. ಅವನ್ನೇ ಒಂದು ಕ್ಷಣ ದಿಟ್ಟಿಸಿ, ಇನ್ನೊಂದು ಸೌಟಿಗೆ ಕೈ ಚಾಚುತ್ತಾಳೆ, ಆಮೇಲೆ ಬೇಡ ಅಂತ ಕೈ ಹಿಂದಕ್ಕೆ. ಚಮಚದ ಬೆನ್ನಿನಿಂದ ಕಾಳನ್ನು ಒತ್ತಿ ಚಪ್ಪಟೆ ಮಾಡಿ ತಿನ್ನುತ್ತಾಳೆ, ಮುಗಿದ ಮೇಲೆ ಮತ್ತೆ ನಾಲ್ಕು. ಎಷ್ಟು ಬೇಕು ಅನ್ನುವುದನ್ನು ಆ ಮಗು ತಾನೇ ಅಳೆದು ನೋಡುತ್ತಿದೆ. ತಂದಿಟ್ಟ ತಟ್ಟೆಯಲ್ಲಿ ಆ ಅವಕಾಶವೇ ಇಲ್ಲ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ತೀರ್ಮಾನ. ತಿನ್ನುವುದೋ ಬಿಡುವುದೋ, ಎಷ್ಟು ಅನ್ನುವುದು ಮಗುವಿನದು. ಆಹಾರತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಿಂದ ಹೇಳುತ್ತ ಬಂದ ಈ ಹಂಚಿಕೆ ಈ ಮೇಜಿನಲ್ಲಿ ತಾನಾಗಿಯೇ ಆಗುತ್ತದೆ.

'ಅವರಿಗೇ ಬಿಟ್ಟರೆ ಬರೀ ಅನ್ನ ತಿಂದು ಏಳುತ್ತಾರೆ' ಅನ್ನುವ ಮಾತನ್ನು ತುಂಬ ಸಲ ಕೇಳಿದ್ದೇನೆ. ಮೊದಮೊದಲು ಅದು ನಿಜವೇ. ನಮ್ಮಲ್ಲಿ ಒಂದು ನಿಯಮ ಇದೆ: ತಿನ್ನದಿದ್ದರೂ ಪರವಾಗಿಲ್ಲ, ಎಲ್ಲ ಬಟ್ಟಲೂ ಎಲ್ಲರ ಕೈ ದಾಟಬೇಕು. ತರಕಾರಿ ಬೇಡ ಅನ್ನುವ ಮಗು ಅದನ್ನು ಎತ್ತಿ ಪಕ್ಕದವರಿಗೆ ಕೊಡುತ್ತದೆ. ಹಾಗೆ ನೋಡುತ್ತ, ಮೂಸುತ್ತ, ಗೆಳೆಯ ತಿನ್ನುವುದನ್ನು ಗಮನಿಸುತ್ತ ಹೋಗುತ್ತದೆ. ಹೊಸ ರುಚಿಯನ್ನು ಮಗು ಒಪ್ಪಲು ಎಷ್ಟೋ ಸಲ ಎಂಟು-ಹತ್ತು ಬಾರಿ, ಕೆಲವೊಮ್ಮೆ ಇನ್ನೂ ಹೆಚ್ಚು ಬಾರಿ ರುಚಿ ನೋಡಬೇಕಾಗುತ್ತದೆ. ಎರಡು-ಮೂರು ಸಲ ಉಗುಳಿದ ಮೇಲೆ ಮನೆಯವರು ಆ ತರಕಾರಿಯನ್ನೇ ಕೈಬಿಡುತ್ತಾರೆ. ಇಲ್ಲಿ ಬಟ್ಟಲು ಒತ್ತಾಯವಿಲ್ಲದೆ ಬರುತ್ತಲೇ ಇರುತ್ತದೆ. ಮೇಜಿಗೆ ಕೂತ ನಾನೂ ಅದನ್ನೇ ಬಡಿಸಿಕೊಂಡು ತಿನ್ನುತ್ತೇನೆ.

ಸ್ವಚ್ಛತೆಯ ವಿಷಯಕ್ಕೆ ಬಂದರೆ ಈ ದಾರಿಗೆ ದುಡಿಮೆ ಜಾಸ್ತಿ. ಸೌಟು ಬಾಯಿಗೆ ಹೋಗುತ್ತದೆ, ಹೋಗಿಯೇ ಹೋಗುತ್ತದೆ. ಬೈಯದೆ, ಎಂಜಲಾದ ಸೌಟು ತೆಗೆದು ಬೇರೆಯದು ಕೊಡುವುದು. ಅದಕ್ಕೆಂದೇ ತೊಳೆದ ಸೌಟುಗಳು ನನ್ನ ಕೈಗೆಟಕುವ ಹಾಗೆ ಇರುತ್ತವೆ. ಬಟ್ಟಲಿನ ಮೇಲೆ ಸೀನಿದರೆ ಬಟ್ಟಲೇ ಬದಲು. ಕೈಯನ್ನು ಸೋಪು ಹಾಕಿ, ಬೆರಳ ಸಂದಿ ಬಿಡದೆ, 20 ಸೆಕೆಂಡ್ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಸ್ಯಾನಿಟೈಸರ್ ಸಾಲದು. ವಾಂತಿ-ಭೇದಿ ತರಿಸುವ ನೊರೊವೈರಸ್ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ, ಕೈ ಮೇಲಿನ ಕೊಳೆಯೂ ಹೋಗುವುದಿಲ್ಲ. ತೊಳೆದ ಮೇಲೆ ನೇರ ಕುರ್ಚಿಗೆ. ನಡುವೆ ಆಟಿಕೆ ಮುಟ್ಟಿದರೆ ಮತ್ತೆ ನಲ್ಲಿಗೆ. ಹೊಟ್ಟೆ ಕೆಟ್ಟಿರುವ ಮಗು ಊಟಕ್ಕೆ ಕೂರುವ ಮಾತೇ ಇಲ್ಲ, ಮನೆಗೆ ಹೋಗಬೇಕು.

ಎರಡು ವರ್ಷದೊಳಗಿನವರಿಗೆ ಇದು ಬೇಡ ಅನ್ನಲು ಕಾರಣ ಹಲ್ಲು. ಹಿಂದಿನ ಕೊನೆಯ ದವಡೆ ಹಾಲುಹಲ್ಲುಗಳು ಬರುವುದೇ ಎರಡರಿಂದ ಮೂರು ವರ್ಷದೊಳಗೆ. ಅಲ್ಲಿಯವರೆಗೆ ಕಚ್ಚುವುದು ಬಂದರೂ ಅರೆಯುವುದು ಸರಿಯಾಗಿ ಬರುವುದಿಲ್ಲ. ಅವರ ತಟ್ಟೆಗೆ ಏನು ಬೀಳಬೇಕು ಅನ್ನುವುದು ನಮ್ಮ ಕೈಯಲ್ಲೇ ಇರಲಿ. ಕೈಯಿಂದ ಎತ್ತಿ ತಿನ್ನಲು ಮಾತ್ರ ಧಾರಾಳವಾಗಿ ಬಿಡಿ. (ವರ್ಷ ತುಂಬದ ಕೂಸು ಇರುವ ಕಡೆ ಒಂದು ಮಾತು: ಜೇನುತುಪ್ಪ ಒಂದು ಹನಿಯೂ ಬೇಡ. ಅದರಲ್ಲಿ ಬಾಟುಲಿಸಂ ಅನ್ನುವ, ನರಗಳನ್ನು ಸೋಲಿಸುವ ಕಾಯಿಲೆ ತರುವ ರೋಗಾಣುವಿನ ಬೀಜಕಣ ಇರಬಹುದು.)

ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಮೂರು ದಾರಿಗೂ ಇದೆ. ದ್ರಾಕ್ಷಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಬಿಲ್ಲೆ ಉಳಿಯುತ್ತದೆ, ಅದು ಉಸಿರಿನ ದಾರಿಗೆ ಬಿರಡೆಯ ಹಾಗೆ ಕೂರುತ್ತದೆ. ಉದ್ದಕ್ಕೆ ನಾಲ್ಕು ಸೀಳಬೇಕು. ಹಸಿ ಕ್ಯಾರೆಟ್ ತುರಿಯಬೇಕು, ಇಲ್ಲವೇ ಮೆತ್ತಗೆ ಬೇಯಿಸಬೇಕು. ಇಡೀ ಬೀಜ-ಬಾದಾಮಿ, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಮೇಜಿಗೇ ಬರಬಾರದು. ಎಲ್ಲಕ್ಕಿಂತ ಮುಖ್ಯವಾದ ಮಾತು: ಗಂಟಲು ಪೂರ್ತಿ ಕಟ್ಟಿದ ಮಗು ಸದ್ದೇ ಮಾಡುವುದಿಲ್ಲ. ಕೆಮ್ಮುವ ಮಗುವಿಗೆ ಗಾಳಿ ಆಡುತ್ತಿದೆ, ಕೆಮ್ಮಲು ಬಿಡಬೇಕು. ಬಾಯಿ ತೆರೆದು, ಕಣ್ಣರಳಿಸಿ, ದನಿಯೇ ಇಲ್ಲದೆ ಕೂತ ಮಗು ಅಪಾಯದಲ್ಲಿದೆ. ಅದನ್ನು ಕಿವಿಯಿಂದ ತಿಳಿಯಲಾಗದು, ಕಣ್ಣಿಂದಲೇ ನೋಡಬೇಕು. ತಟ್ಟೆ ಇಟ್ಟು ನಿಂತುಕೊಂಡೇ ಓಡಾಡುವಾಗ ನಮಗೆ ಕಾಣುವುದು ಮಕ್ಕಳ ನೆತ್ತಿ. ಜೊತೆಗೆ ಕೂತರೆ ಮುಖ ಕಾಣುತ್ತದೆ. ಮಕ್ಕಳೇ ಬಡಿಸಿಕೊಳ್ಳುವಾಗ ದೊಡ್ಡವರು ಕೂರದೆ ವಿಧಿಯಿಲ್ಲ. ಆ ದಾರಿಯನ್ನು ನಾನು ಮೆಚ್ಚಲು ಇದು ಪೋಷಣೆಯಷ್ಟೇ ದೊಡ್ಡ ಕಾರಣ.

ಆ ಗಳಿಗೆ ಬಂದರೆ ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು, ತುಂಡು ಇನ್ನೂ ಒಳಗೆ ಹೋಗುತ್ತದೆ. ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಭುಜದ ಎಲುಬುಗಳ ನಡುವೆ ಅಂಗೈಯಿಂದ ಐದು ಬಲವಾದ ಏಟು, ಹೋಗದಿದ್ದರೆ ಹೊಟ್ಟೆಯ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯನ್ನು ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಿರಬೇಕು. ಓದಿದರೆ ಇದು ಕೈಗೆ ಬರುವುದಿಲ್ಲ, ತರಬೇತಿಯಲ್ಲಿ ಬೊಂಬೆಯ ಮೇಲೆ ಮಾಡಿ ಕಲಿಯಬೇಕು. ಊಟದ ಹೊತ್ತಿಗೆ ಹಾಗೆ ಕಲಿತವರು ಕೋಣೆಯಲ್ಲಿ ಇರಲೇಬೇಕು.

ಅಲರ್ಜಿ ಇರುವ ಮಗುವಿನ ಲೆಕ್ಕ ಬೇರೆ. ಬಟ್ಟಲಿಂದ ಬಟ್ಟಲಿಗೆ ಸೌಟು ಬದಲಾಗುವ ಮೇಜಿನಲ್ಲಿ ಆ ಮಗುವಿಗೆ ರಕ್ಷಣೆ ಇಲ್ಲ. ಅಲರ್ಜಿ ಜೋರಾಗಿದ್ದರೆ ಆ ಪದಾರ್ಥವನ್ನೇ ಎಲ್ಲರ ಊಟದಿಂದ ತೆಗೆದುಬಿಡುತ್ತೇವೆ. ಆಗ ಮಗು ಎಲ್ಲರ ಜೊತೆ ಬಡಿಸಿಕೊಳ್ಳಬಹುದು. ತೆಗೆಯಲು ಆಗದಿದ್ದರೆ ಅದರ ತಟ್ಟೆ ಮೊದಲೇ ಬೇರೆಯಾಗಿ ಸಿದ್ಧವಾಗುತ್ತದೆ, ಜಾಗ ನನ್ನ ಪಕ್ಕದಲ್ಲೇ. ವೈದ್ಯರು ಅಡ್ರಿನಲಿನ್ ಪೆನ್ (ಅಲರ್ಜಿ ಜೋರಾದಾಗ ತಕ್ಷಣ ಚುಚ್ಚುವ ಔಷಧಿ) ಕೊಟ್ಟಿದ್ದರೆ ಅದು ಬೀಗದೊಳಗೆ ಇರುವುದಿಲ್ಲ. ಮಕ್ಕಳಿಗೆ ಎಟಕದ, ನಮಗೆ ತಕ್ಷಣ ಸಿಗುವ ಕಡೆ ಇರುತ್ತದೆ. ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಬೇಕು.

ಮಕ್ಕಳೇ ಬಡಿಸಿಕೊಳ್ಳುವ ಊಟಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತದೆ, ನೆಲ ಒರೆಸುವ ಕೆಲಸ ಹೆಚ್ಚುತ್ತದೆ. ಮೊದಲ ವಾರಗಳಲ್ಲಿ ಚೆಲ್ಲಿದ್ದೇ ಜಾಸ್ತಿ ಅನಿಸುತ್ತದೆ, ಆಮೇಲೆ ಕೈ ಪಳಗುತ್ತದೆ. ಮೇಜಿಗೊಬ್ಬರು ಕೂತಿರಲೇಬೇಕು, ಸೌಟು-ಬಟ್ಟಲು ತಂದುಕೊಡಲು ಇನ್ನೊಬ್ಬರು ಬೇಕು. ಯಾರಾದರೂ ರಜೆಯಲ್ಲಿದ್ದು ಒಂದು ಕೈ ಕಡಿಮೆಯಾದ ದಿನ ನಾವು ಬಟ್ಟಲು ಇಡುವುದೇ ಇಲ್ಲ. ಎಲ್ಲರಿಗೂ ಅಡುಗೆಮನೆಯಿಂದಲೇ ತಟ್ಟೆ ಬರುತ್ತದೆ, ಇದ್ದವರು ಮಕ್ಕಳ ಜೊತೆ ಕೂರುತ್ತೇವೆ, ಪಾತ್ರೆ ತೊಳೆಯುವುದು ಊಟ ಮುಗಿದ ಮೇಲೆ.